ದುಆದ ಭಾಷೆ
ಇಂದು ಸೂರ್ಯಾಸ್ತದ ಮಗ್ರಿಬ್ ನಮಾಝಿನ ಬಾಂಗ್ ಕೇಳಿ ಖರ್ಜೂರದಿಂದ ಉಪವಾಸ ಬಿಟ್ಟು, ನಮಾಝ್ ಮುಗಿಸಿ ದುಆಕ್ಕೆಂದು, ಅಂದರೆ ನಮ್ಮದೇ ಮಾತಿನ ಬೇಡಿಕೆಗೆಂದು, ಕೈಯೆತ್ತಿದಾಗ, ತೀರಿಕೊಂಡ ಉಮ್ಮನಿಗಾಗಿ, ನನ್ನ ತಾಯಿಗಾಗಿ, ನಾನು ಬೇಡುತ್ತಿರುವುದು ಬ್ಯಾರಿ ಭಾಷೆಯಲ್ಲಿ ಎಂಬುದು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಗಮನಕ್ಕೆ ಬಂತು. ನಮಾಝಿನೊಳಗಿನ ಮಾತೆಲ್ಲ ಅರಬಿಯದು. ಮದರಸದಲ್ಲಿ ಬಾಯಿಪಾಠ ಮಾಡಿದ ಆ ಸೂರಾಗಳ, ಕುರ್‌ಆನಿನ ಅಧ್ಯಾಯಗಳ, ಅರ್ಥ ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ, ಕನ್ನಡ ಅನುವಾದವನ್ನು ಓದಿದಾಗ. ಮಂಗಳೂರು ಸೀಮೆಯ ನಮ್ಮ ಬ್ಯಾರಿಯನ್ನು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. 2009ರಲ್ಲಿ ಅದಕ್ಕೊಂದು ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದಾಗ ಉಮ್ಮ, ಅಡುಗೆಮನೆಯ ಮಾತಿಗೂ ಸರಕಾರದ ಕಚೇರಿಯೇ ಎಂದು ನಕ್ಕಿದ್ದರು (ಒಳಗೊಳಗೆ ಹೆಮ್ಮೆಯೂ ಇದ್ದಿರಬೇಕು). ಚಹಾ ಆರುತ್ತಿದೆಯೆಂದು ಮಗಳು ಒಳಗಿನಿಂದ ಕೂಗಿದಳು, ಕನ್ನಡದಲ್ಲಿ. ನಾನು ಬ್ಯಾರಿಯಲ್ಲೇ ಓಗೊಟ್ಟೆ.