ಮಲ್ಲಿಗೆ ಸಿಗತ್ತಾ ಇಲ್ಲಿ?

ಬೆಂಗಳೂರಲ್ಲಿ ಮೂರು ವಾರ ಇದ್ದು ಮೊನ್ನೆ ವಾಪಸ್ ಇಂಗ್ಲೆಂಡಿಗೆ ಬಂದ್ವಿ. ಮುಂಚೆ ಇಲ್ಲಿನ ಚಳಿ, ಮಗನ ಸ್ಕೂಲು, ತರಕಾರಿ ರೇಟು ಅಂತ ಏನಾದ್ರೂ ಬರೀತಾ ಇದ್ದೆ, ಒಂದು ವರ್ಷದಿಂದ ಏನೂ ಬರ್ದಿಲ್ಲ, ಯಾಕೆ ಅಂತ ತುಂಬಾ ಜನ ಕೇಳಿದ್ರಿ. ನಮ್ಮ ಎರಡನೇ ಮಗು ಹುಟ್ಟಿ ಒಂಬತ್ತು ದಿನ ಇದ್ದು ಹೋಗ್ಬಿಟ್ಳು. ಮನೇಲಿ ಅವಳನ್ನ ಪುಟ್ಟಿ ಅಂತೀವಿ, ಇಲ್ಲೂ ಹಾಗೇ ಬರೀತೀನಿ.

20 ವಾರದ ಸ್ಕ್ಯಾನಲ್ಲಿ ಗೊತ್ತಾಯ್ತು. ಸ್ಕ್ಯಾನ್ ಮಾಡೋ ಹುಡುಗಿ ಇದು ಕೈ, ಇದು ಮೂಗು ಅಂತ ತೋರಿಸ್ತಾ ಇದ್ದೋಳು ಎದೆ ಹತ್ರ ಬಂದಾಗ ಸುಮ್ನಾಗಿ, ಒಂದೇ ಜಾಗದಲ್ಲಿ ಒತ್ತಿ ಒತ್ತಿ ನೋಡಿ, ಒಂದ್ನಿಮಿಷ ಬರ್ತೀನಿ ಅಂತ ಎದ್ದು ಹೋದ್ಲು. ಆಮೇಲೆ ಫೀಟಲ್ ಎಕೋ, ಅಂದ್ರೆ ಹೊಟ್ಟೇಲಿರೋ ಮಗುವಿನ ಹಾರ್ಟಿನ ಸ್ಕ್ಯಾನ್ ಆಯ್ತು. ಡಾಕ್ಟ್ರು ಒಂದು ಹಾಳೆ ಮೇಲೆ ಹಾರ್ಟಿನ ನಾಲ್ಕು ಕೋಣೆ ಬರ್ದು, ಎಡಗಡೆ ಕೆಳಗಿನ ಕೋಣೆ ಬರೀಬೇಕಾದ ಕಡೆ ಬರೀ ಒಂದು ಚುಕ್ಕೆ ಇಟ್ರು. ಹೈಪೋಪ್ಲಾಸ್ಟಿಕ್ ಲೆಫ್ಟ್ ಹಾರ್ಟ್ ಸಿಂಡ್ರೋಮ್. ಮೈಗೆಲ್ಲ ರಕ್ತ ಕಳಿಸ್ಬೇಕಾದ ಕೋಣೇನೇ ಬೆಳೆದಿಲ್ಲ. ಹೊಟ್ಟೇಲಿ ಇರೋವರ್ಗೂ ಮಗುಗೆ ಏನೂ ತೊಂದ್ರೆ ಇಲ್ವಂತೆ, ತಾಯಿಂದ ಆಕ್ಸಿಜನ್ ಬರತ್ತೆ, ಹಾರ್ಟ್ ಪಕ್ಕ ಒಂದು ಸಣ್ಣ ನಾಳ ತೆರ್ದಿರತ್ತೆ. ಹುಟ್ಟಿದ್ಮೇಲೆ ಕೆಲವೇ ದಿನದಲ್ಲಿ ಆ ನಾಳ ತಾನಾಗೇ ಮುಚ್ಚಿಕೊಳ್ಳತ್ತೆ, ಬೇರೆ ಮಕ್ಕಳಿಗೆ ಅದು ಮುಚ್ಚೋದೇ ಒಳ್ಳೇದು, ಪುಟ್ಟಿಗೆ ಆ ನಾಳಾನೇ ಪ್ರಾಣ. ಅದಕ್ಕೆ ಹುಟ್ಟಿದ ತಕ್ಷಣ ಅದನ್ನ ತೆರ್ದಿಡೋ ಪ್ರೋಸ್ಟಾಗ್ಲಾಂಡಿನ್ ಡ್ರಿಪ್ ಹಾಕಿ, ಮೊದಲ ವಾರದಲ್ಲೇ ನಾರ್ವುಡ್ ಅನ್ನೋ ಆಪರೇಷನ್, ಆಮೇಲೆ 4ರಿಂದ 6 ತಿಂಗಳಿಗೆ ಇನ್ನೊಂದು, ಮೂರು ನಾಲ್ಕು ವರ್ಷಕ್ಕೆ ಮತ್ತೊಂದು. ಇಷ್ಟೆಲ್ಲ ಮಾಡಿದ್ರೂ ಹಾರ್ಟ್ ಸರಿಹೋಗಲ್ಲ, ಇರೋ ಬಲಗಡೆ ಕೋಣೆಯಿಂದ್ಲೇ ಜೀವನ ಪೂರ್ತಿ ಕೆಲಸ ತಗೊಳ್ಳೋದು ಅಷ್ಟೆ. ನಾವು ಮಾಡ್ಸೋಣ ಅಂದ್ವಿ.

ಹನುಮಂತನಗರದಲ್ಲಿರೋ ಅಮ್ಮಂಗೆ ಫೋನಲ್ಲಿ ಹೇಳಿದಾಗ ಮೊದಲು ಕೇಳಿದ್ದು, ಗ್ರಹಣದ ದಿನ ಏನಾದ್ರೂ ಹೊರಗೆ ಹೋಗಿದ್ಯೇನೆ ಅಂತ. ನಾನು ಫೋನ್ ಇಟ್ಬಿಟ್ಟೆ. ಇದನ್ನ ಓದ್ತಿರೋ ಅಮ್ಮಂದಿರು, ಅತ್ತೆಯಂದಿರು ದಯವಿಟ್ಟು ತಿಳ್ಕೊಳಿ, ಮಗುವಿನ ಹಾರ್ಟ್ ಎಂಟು ವಾರದೊಳಗೇ ಮುಕ್ಕಾಲುಪಾಲು ರೂಪ ತಗೊಂಡಿರತ್ತೆ, ಎಷ್ಟೋ ಹೆಣ್ಮಕ್ಳಿಗೆ ಆಗಿನ್ನೂ ಬಸುರಿ ಅಂತ ಗೊತ್ತಾಗಿರತ್ತೆ ಅಷ್ಟೆ. ಹುಟ್ಟೋ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಚಿಕ್ಕದೋ ದೊಡ್ಡದೋ ಹಾರ್ಟಿನ ದೋಷ ಇರತ್ತೆ. ಹತೋಟಿಗೆ ಬರದ ಶುಗರ್, ಬಸುರಲ್ಲಿ ಬರೋ ರುಬೆಲ್ಲಾ, ಸೋದರಸಂಬಂಧದ ಮದುವೆ, ಇವೆಲ್ಲ ರಿಸ್ಕ್ ಜಾಸ್ತಿ ಮಾಡತ್ತೆ, ಆದ್ರೆ ಬಹಳಷ್ಟು ಸಲ ಇದೇ ಕಾರಣ ಅಂತ ಯಾವ ಡಾಕ್ಟ್ರಿಗೂ ಹೇಳಕ್ಕಾಗಲ್ಲ. ನಾನು ಪರಂಗಿ ಹಣ್ಣು ತಿಂದಿದ್ದಕ್ಕಲ್ಲ, ಗ್ರಹಣಕ್ಕಲ್ಲ, ಇಷ್ಟು ದೂರ ಬಂದಿದ್ದಕ್ಕೂ ಅಲ್ಲ.

ಆ ಫೋನಾಗಿ ಮೂರು ತಿಂಗಳಿಗೆ ಅಮ್ಮ ಬಂದ್ರು. ಸೂಟ್‌ಕೇಸ್ ತೆಗೆದ್ರೆ ಪೂರ್ತಿ ಬಾಣಂತನದ ಸಾಮಾನು, ಗಾಂಧಿ ಬಜಾರ್ ಗ್ರಂಧಿಗೆ ಅಂಗಡೀದು ಬಜೆ, ಒಣಶುಂಠಿ, ಅಂಟು, ಕೊಬ್ಬರಿ, ತನ್ನ ಹಳೇ ಕಾಟನ್ ಸೀರೆ ಹರ್ದು ಹೊಲ್ದಿದ್ದ ಬಟ್ಟೆಗಳು, ಬಿಳೀದೊಂದು ಕುಲಾವಿ. ಹನ್ನೊಂದಕ್ಕೆ ಹೆಸರಿಡೋಣ ಅಂದಿದ್ರು.

ಪುಟ್ಟಿ ಹುಟ್ಟಿದಾಗ ಜೋರಾಗೇ ಅತ್ಲು. ಕೂದ್ಲು ತುಂಬಾ ಇತ್ತು. ಆರನೇ ದಿನ ಆಪರೇಷನ್ ಆಯ್ತು, ಒಂಬತ್ತನೇ ದಿನ ಬೆಳಗಿನ ಜಾವ ಹೋದ್ಲು. ಆ ಮೂರು ದಿನದ್ದು ಬರಿಯಕ್ಕೆ ನನ್ನ ಕೈಲಿ ಆಗಲ್ಲ. ನರ್ಸ್ ಟ್ಯೂಬ್ ಎಲ್ಲ ತೆಗ್ದು, ನೀವೇ ಸ್ನಾನ ಮಾಡಿಸ್ತೀರಾ ಅಂತ ಕೇಳಿದ್ರು. ಅಮ್ಮ ಮಾಡಿಸಿದ್ರು. ಕಾಲು ನೀಡ್ಕೊಂಡು ಕೂತು ಕಾಲ್ಮೇಲೆ ಮಲಗಿಸ್ಕೊಂಡು, ಎದೆ ಮೇಲಿನ ಪಟ್ಟಿಗೆ ನೀರು ತಾಗ್ದೇ ಇರೋ ಹಾಗೆ, ಕತ್ತಿನ ಸಂದಿ, ಕಿವಿ ಹಿಂದೆ, ಬೆರಳು ಬೆರಳೂ ಒರೆಸಿದ್ರು. ಆಮೇಲೆ ಕುಲಾವಿ ಹಾಕಿದ್ರು, ಅಷ್ಟು ಸಣ್ಣದು ಹೊಲ್ದಿದ್ರೂ ಹಣೆವರ್ಗೂ ಬಂತು.

ಮನೆಗೆ ಬಂದ ಮೂರನೇ ದಿನ ಅಮ್ಮ ಕೇಳಿದ್ರು, ಮಲ್ಲಿಗೆ ಸಿಗತ್ತಾ ಇಲ್ಲಿ? ಈ ಹೊತ್ತಲ್ಲಿ ದೇವ್ರಿಗೆ ಹೂವಾ ಅಂತ ನಾನು ರೇಗಿದೆ. ಅಮ್ಮ ನನ್ನ ನೈಟಿ ಕಡೆ ನೋಡಿದ್ರು, ಎದೆ ಹತ್ರ ಒದ್ದೆ ಆಗಿತ್ತು. ಮಲ್ಲಿಗೆ ಕಟ್ಟಿದ್ರೆ ಹಾಲು ಇಂಗತ್ತೆ ಕಣೆ ಅಂದ್ರು. ಇವರು ಇಂಡಿಯನ್ ಅಂಗಡಿಗೆಲ್ಲ ಫೋನ್ ಮಾಡಿ, ಶುಕ್ರವಾರ ಬರೋ ಹೂವಿಗೆ ಕಾದು, ಎರಡು ಪ್ಯಾಕೆಟ್ ತಂದ್ರು. ಅಮ್ಮ ಅದನ್ನ ಸೀರೆ ಬಟ್ಟೇಲಿ ಎದೆಗೆ ಬಿಗಿಯಾಗಿ ಕಟ್ಟಿದ್ರು. (ವೆಲ್ಲೂರಿನ ಡಾಕ್ಟ್ರುಗಳು 1988ರಲ್ಲೇ ಇದನ್ನ ಪರೀಕ್ಷೆ ಮಾಡಿ ಬರ್ದಿದ್ದಾರೆ ಅಂತ ಆಮೇಲೆ ಓದಿದೆ.) ನಿಧಾನಕ್ಕೆ ಹಾಲು ನಿಂತೋಯ್ತು. ನಿಂತ ದಿನ ನಂಗೆ ಇನ್ನೂ ಜಾಸ್ತಿ ಅಳು ಬಂತು. ಮಗು ಇಲ್ದಿದ್ರೂ ಬಾಣಂತನ ನಿಲ್ಲಿಸ್ಲಿಲ್ಲ ಅಮ್ಮ, ದಿನಾ ಎಣ್ಣೆ, ಬಿಸಿನೀರು, ಮೆಣಸಿನ ಸಾರು.

ಇಲ್ಲಿ ಇವರಿಗೆ ಎರಡು ವಾರ ರಜೆ ಸಿಕ್ತು, ಮಗು ಕಳ್ಕೊಂಡ ತಂದೆತಾಯಿಗೆ ಅಂತ್ಲೇ 2020ರಿಂದ ಕಾನೂನಿದೆ. ಮಕ್ಕಳನ್ನ ಮಣ್ಣು ಮಾಡೋಕೆ ಫೀಸ್ ತಗೊಳ್ಳಲ್ಲ. ನಮ್ಮಲ್ಲೂ ಕೇಂದ್ರ ಸರ್ಕಾರದ ಕೆಲಸದಲ್ಲಿರೋ ಹೆಣ್ಮಕ್ಳಿಗೆ 2022ರಿಂದ 60 ದಿನದ ವಿಶೇಷ ರಜೆ ಇದೆ, ಎಲ್ಲಾ ಕಡೆ ಬರ್ಬೇಕು, ಗಂಡಸ್ರಿಗೂ ಬರ್ಬೇಕು, ಇವರು ಅತ್ತಿದ್ದು ನಂಗೊಬ್ಳಿಗೇ ಗೊತ್ತು.

ಬೆಂಗಳೂರಿಗೆ ಬಂದ್ರೆ ಯಾರೂ ಪುಟ್ಟಿ ಸುದ್ದಿ ಎತ್ತಲ್ಲ. ಎತ್ತಿದ್ರೂ, ಆಗಿದ್ದಾಯ್ತು ಮರ್ತುಬಿಡು, ಇನ್ನೊಂದು ಆಗತ್ತೆ. ಒಳ್ಳೇ ಮನಸ್ಸಿಂದ್ಲೇ ಅಂತಾರೆ, ಗೊತ್ತು. ಅದಕ್ಕೇ ಹೇಳ್ತಿದೀನಿ, ಹಾಗನ್ನಬೇಡಿ. ಕೂದ್ಲು ಎಷ್ಟಿತ್ತು, ಯಾರ ಥರ ಇದ್ಲು ಅಂತ ಕೇಳಿ. ತಮ್ಮನ ಹೆಂಡ್ತಿಗೆ ಈಗ ಐದು ತಿಂಗಳು, ಅವಳು ಮಾತ್ರ ಹತ್ರ ಕೂತು ಎಲ್ಲ ಕೇಳಿದ್ಲು. ಫೀಟಲ್ ಎಕೋ ಮಾಡ್ಸು, ಹುಟ್ಟಿ ಒಂದು ದಿನ ಆದ್ಮೇಲೆ ಬಲಗೈಗೂ ಕಾಲಿಗೂ ಪಲ್ಸ್ ಆಕ್ಸಿಮೀಟರ್ ಇಟ್ಟು ನೋಡಿ ಅಂತ ಡಿಸ್ಚಾರ್ಜ್ ಮುಂಚೆ ಕೇಳು ಅಂದೆ. ಐದು ನಿಮಿಷದ ಕೆಲಸ, ನೋವಿಲ್ಲ. ರಕ್ತದಲ್ಲಿರೋ ಆಕ್ಸಿಜನ್ 95 ಪರ್ಸೆಂಟ್‌ಗಿಂತ ಕಮ್ಮಿ ಬಂದ್ರೆ, ಕೈಗೂ ಕಾಲಿಗೂ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಮತ್ತೆ ನೋಡ್ಬೇಕು, ಆಮೇಲೂ ಹಾಗೇ ಇದ್ರೆ ಎಕೋ ಮಾಡಿಸ್ಬೇಕು. ಸ್ಕ್ಯಾನಲ್ಲಿ ತಪ್ಪಿಹೋಗಿರೋ ಎಷ್ಟೋ ಮಕ್ಕಳು ಇದ್ರಲ್ಲಿ ಸಿಗ್ತಾರೆ.

ಹೊರಡೋ ಹಿಂದಿನ ದಿನ ಅಮ್ಮನ ಜೊತೆ ಗಾಂಧಿ ಬಜಾರ್‌ಗೆ ಹೋಗಿದ್ದೆ. ಹೂವಿನವರ ಸಾಲು ಬಂತು, ಮಲ್ಲಿಗೆ ವಾಸನೆಗೆ ಹೊಟ್ಟೆ ತೊಳಸಿದ ಹಾಗಾಗಿ ನಿಂತ್ಬಿಟ್ಟೆ. ಅಮ್ಮಂಗೆ ಗೊತ್ತಿರೋ ಹೂವಿನವಳು, ಮಗಳೇನಮ್ಮ, ಎಷ್ಟು ಮಕ್ಳು ಅಂತ ಕೇಳಿದ್ಲು. ನಾನು ಬಾಯಿ ಬಿಡೋಕೆ ಮುಂಚೆ ಅಮ್ಮ, ಇಬ್ರು, ಚಿಕ್ಕೋಳು ಹೋಗ್ಬಿಟ್ಳು, ಹಾರ್ಟಿಂದು ತೊಂದ್ರೆ ಇತ್ತು ಅಂದ್ರು. ಅವಳು ಮೊಳ ಹಾಕ್ತಿದ್ದ ಕೈ ಹಾಗೇ ನಿಲ್ಲಿಸಿ ನನ್ನ ನೋಡಿದ್ಲು.

"ನಂದೂ ಒಂದು ಹಂಗೇ ಹೋಯ್ತು ಕಣವ್ವ. ನಾಕು ದಿನ ಚೆನ್ನಾಗಿತ್ತು, ಆಮೇಲೆ ತುಟಿ ಉಗುರು ಎಲ್ಲ ನೀಲಿ. ದೃಷ್ಟಿ ಅಂದ್ರು. ಇದ್ದಿದ್ರೆ ಈಗ ಇಪ್ಪತ್ತೆರಡು."