ಸಿಂಗಾಪುರದ ಶಿಕ್ಷಕರ ಸಮ್ಮೇಳನ: ಗೋಷ್ಠಿ, ಊಟ ಎರಡಕ್ಕೂ ಒಂದೇ ವೇಳಾಪಟ್ಟಿ

ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಸಮ್ಮೇಳನದಲ್ಲಿ ಮಧ್ಯಾಹ್ನ 12ಕ್ಕೆ ಊಟಕ್ಕೆ ಬಿಟ್ಟಾಗ ಬೆಂಗಳೂರಿನಿಂದ ಬಂದ ಹೊಟ್ಟೆಗೆ ಇನ್ನೂ ಬೆಳಗಿನ ಒಂಬತ್ತೂವರೆ. ಹಸಿವಿಲ್ಲ ಎಂದು ಎರಡು ಬಿಸ್ಕತ್ತು ತಿಂದು ಕೂತವರಿಗೆ ಮೂರು ಗಂಟೆಯ ಗೋಷ್ಠಿಯ ನಡುವೆ ಹಸಿವು ಶುರುವಾಗುತ್ತದೆ. ಅಷ್ಟೊತ್ತಿಗೆ ಬಫೆಯ ಪಾತ್ರೆಗಳು ಒಳಗೆ ಹೋಗಿರುತ್ತವೆ. ಮೊದಲ ದಿನವೇ ಅಲ್ಲಿನ ಗಡಿಯಾರಕ್ಕೆ ತಕ್ಕಂತೆ ಉಣ್ಣಬೇಕು: ಬೆಳಿಗ್ಗೆ ಏಳಕ್ಕೆ ತಿಂಡಿ, ಹನ್ನೆರಡಕ್ಕೆ ಊಟ, ಸಂಜೆ ಆರೂವರೆ–ಏಳಕ್ಕೆ ರಾತ್ರಿಯೂಟ. ಗೋಷ್ಠಿಗಳ ವೇಳಾಪಟ್ಟಿ ಕೈಗೆ ಬಂದ ದಿನ ಅದರ ಪಕ್ಕದಲ್ಲೇ ಊಟದ ಕಾಲಂ ಒಂದನ್ನು ಎಳೆದುಕೊಳ್ಳುವುದು ಒಳ್ಳೆಯದು. ಹೊರದೇಶದ ಸಮ್ಮೇಳನದಲ್ಲಿ ನಿಜವಾದ ಪರಿಚಯಗಳಾಗುವುದು ಕಾಫಿ ಸಾಲಿನಲ್ಲಿ, ಊಟದ ಮೇಜಿನಲ್ಲಿ. ಆ ಹೊತ್ತಿನಲ್ಲಿ ಕೋಣೆಗೆ ಹೋಗಿ ಉಪ್ಪಿಟ್ಟಿನ ಪ್ಯಾಕೆಟ್‌ಗೆ ಬಿಸಿನೀರು ಹಾಕುತ್ತಾ ಕೂತರೆ ಕಟ್ಟಿದ ನೋಂದಣಿ ಶುಲ್ಕದ ಅರ್ಧ ಹೋದಂತೆಯೇ.

ನಮ್ಮ ಶಿಕ್ಷಕರಿಗೆ ಹೆಚ್ಚು ಹೊಂದುವ ಸಮ್ಮೇಳನ 'ರೀಡಿಸೈನಿಂಗ್ ಪೆಡಗಾಜಿ'. ಇದನ್ನು ನಡೆಸುವುದು ಅಲ್ಲಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್. ಸಿಂಗಾಪುರದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡುವ ಈ ಸಂಸ್ಥೆ 1991ರಿಂದ ನಾನ್‌ಯಾಂಗ್ ಟೆಕ್ನಾಲಜಿಕಲ್ ಯೂನಿವರ್ಸಿಟಿಯ ಭಾಗ. ಕ್ಯಾಂಪಸ್ ಇರುವುದು ದ್ವೀಪದ ಪಶ್ಚಿಮ ತುದಿಯಲ್ಲಿ, ಚಾಂಗಿ ವಿಮಾನ ನಿಲ್ದಾಣ ಪೂರ್ವ ತುದಿಯಲ್ಲಿ. ಮೆಟ್ರೋದಲ್ಲಿ ಬೂನ್ ಲೇ ನಿಲ್ದಾಣದವರೆಗೆ ಹೋಗಿ ಅಲ್ಲಿಂದ 179 ಅಥವಾ 199ನೇ ಬಸ್ ಹಿಡಿಯಬೇಕು. ಒಟ್ಟು ಒಂದೂವರೆ ಗಂಟೆಯನ್ನಾದರೂ ಲೆಕ್ಕಕ್ಕೆ ಹಿಡಿಯಿರಿ. ಲಿಟಲ್ ಇಂಡಿಯಾದಲ್ಲಿ ಊಟ ಸಿಗುತ್ತದೆಂದು ಅಲ್ಲೇ ಕೋಣೆ ಮಾಡಿದವರು ದಿನಾ ಎರಡು ಮೂರು ಗಂಟೆ ರೈಲಿನಲ್ಲೇ ಕಳೆಯುತ್ತಾರೆ. ಜುರಾಂಗ್ ಅಥವಾ ಬೂನ್ ಲೇ ಕಡೆ ಇಳಿದುಕೊಂಡರೆ ಊಟಕ್ಕೇನೂ ತೊಂದರೆಯಿಲ್ಲ, ಯಾಕೆಂಬುದು ಮುಂದೆ ಬರುತ್ತದೆ.

ಕಾಗದಪತ್ರಗಳ ವಿಷಯ ಚಿಕ್ಕದಾಗಿ ಹೇಳುವುದಾದರೆ: ಭಾರತೀಯರಿಗೆ ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. 'ಎಸ್‌ಜಿ ಅರೈವಲ್ ಕಾರ್ಡ್' ಅನ್ನು ಇಳಿಯುವ ದಿನವೂ ಸೇರಿ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಅದು ಉಚಿತ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಇಲಾಖೆಯ ಎನ್‌ಒಸಿಯೇ ದೊಡ್ಡ ತಡೆ. ಮೇ ಕೊನೆ–ಜೂನ್‌ನ ಸಮ್ಮೇಳನವಾದರೆ ನಮ್ಮಲ್ಲಿ ಅದು ಶಾಲೆ ಶುರುವಾಗುವ, ದಾಖಲಾತಿಯ ಹೊತ್ತು. ಪ್ರಬಂಧ ಒಪ್ಪಿತವಾದ ಪತ್ರ ಬಂದ ದಿನವೇ ಅರ್ಜಿ ಕೊಡಿ, ಬೇಸಿಗೆ ರಜೆ ಮುಗಿಯಲಿ ಎಂದು ಕಾಯಬೇಡಿ. ಸಿಂಗಾಪುರದ ಶಾಲೆಗಳಿಗೂ ಜೂನ್‌ನಲ್ಲಿ ಸುಮಾರು ನಾಲ್ಕು ವಾರ ರಜೆ ಇರುತ್ತದೆ. 'ಒಂದು ಶಾಲೆ ನೋಡಿಕೊಂಡು ಬರೋಣ' ಎಂಬ ಆಸೆಯಿದ್ದರೆ ದಿನಾಂಕ ಹೊಂದುತ್ತದೆಯೇ ಎಂದು ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಬೇಕು.

ಮಂಡನೆಯಲ್ಲಿ ಕನ್ನಡದವರಿಗೆ ಕೈಕೊಡುವುದು ಇಂಗ್ಲಿಷ್ ಎಂದುಕೊಳ್ಳುತ್ತಾರೆ. ಕೈಕೊಡುವುದು ಫಾಂಟು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಸ್ಲೈಡು ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದರೆ ಮಕ್ಕಳ ಕಥೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಇದ್ದರೂ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಬರಬಹುದು, ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಹೋಗಿ ಕೂರಬಹುದು. ಇದಕ್ಕೆ ಪಿಡಿಎಫ್ ಮಾಡಿ ಒಯ್ಯುವುದೇ ಭದ್ರ ಉಪಾಯ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ, ನಿಮ್ಮದೇ ಇಮೇಲಿನಲ್ಲಿ ಒಂದು ಪ್ರತಿ. ಹದಿನೈದು ನಿಮಿಷದ ಮಂಡನೆಗೆ ಹತ್ತು ಸ್ಲೈಡು ಸಾಕು, ಅದರಲ್ಲಿ ಮೂರಾದರೂ ಮಕ್ಕಳ ಕೈಬರಹದ ಚಿತ್ರಗಳಿರಲಿ. ಹೆಸರು, ಮುಖ ಕಾಣದಂತೆ ಕತ್ತರಿಸಿ, ಪೋಷಕರ ಒಪ್ಪಿಗೆ ಬರಹದಲ್ಲಿ ಪಡೆದಿರಿ.

ನಲಿ-ಕಲಿಯ ಬಗ್ಗೆ ಮಂಡಿಸುವವರು ಹಿನ್ನೆಲೆಗೆ ಎರಡು ವಾಕ್ಯ ಮಾತ್ರ ಇಟ್ಟುಕೊಳ್ಳಿ: 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು, ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ಕೇಳುಗರ ಕುತೂಹಲ ಕೆರಳುವುದು ಇಲ್ಲೇ. ಸಿಂಗಾಪುರದ ಪ್ರಾಥಮಿಕ ಶಾಲೆಯಲ್ಲಿ ಒಂದು ಕೋಣೆಗೆ ಒಂದೇ ತರಗತಿ. ಒಂದು, ಎರಡನೇ ತರಗತಿಗಳಲ್ಲಿ 30 ಮಕ್ಕಳು, ಮೇಲಿನವುಗಳಲ್ಲಿ 40ರವರೆಗೆ. ಮೂರು ತರಗತಿಯ ಮಕ್ಕಳನ್ನು ಒಬ್ಬರೇ ಶಿಕ್ಷಕರು ಹೇಗೆ ನಡೆಸುತ್ತಾರೆ ಎಂಬುದು ಅವರಿಗೆ ನಿಜವಾಗಿಯೂ ಹೊಸದು. ಆದ್ದರಿಂದ ಸಿದ್ಧಾಂತದ ಸ್ಲೈಡು ತೆಗೆದುಹಾಕಿ, ಒಂದು ಕಾರ್ಡ್ ಮತ್ತು ಪ್ರಗತಿ ನೋಟದ ಒಂದು ಪುಟ ತೋರಿಸಿ. ಒಂದು ವಾರ ಶಾಲೆ ತಪ್ಪಿಸಿದ ಮಗು ವಾಪಸು ಬಂದಾಗ ಏನಾಗುತ್ತದೆ ಎಂದು ವಿವರಿಸಿ. ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಗೋಷ್ಠಿಗಳ ಆಯ್ಕೆಯಲ್ಲಿ ಒಂದು ಮಾತು. ಹೆಸರಿನಲ್ಲಿ 'ಇಪ್ಪತ್ತೊಂದನೇ ಶತಮಾನ' ಇರುವುದನ್ನು ಬಿಟ್ಟು, ಹೆಸರಿನಲ್ಲಿ ತರಗತಿ ಮತ್ತು ಪಾಠದ ಹೆಸರಿರುವುದಕ್ಕೆ ಹೋಗಿ. ಗಣಿತದ ಲೆಕ್ಕವನ್ನು ಪಟ್ಟಿಗಳ ಚಿತ್ರ ಎಳೆದು ಬಿಡಿಸುವ ಬಾರ್ ಮಾಡೆಲ್‌ನ ಕಾರ್ಯಾಗಾರ ಇದ್ದರೆ ತಪ್ಪಿಸಬೇಡಿ. 1980ರ ದಶಕದಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಬೆಳೆಸಿದ ಕ್ರಮ ಇದು. ರವಿಯ ಬಳಿ ಸಲೀಮನ ಮೂರರಷ್ಟು ಗೋಲಿ, ಇಬ್ಬರದೂ ಸೇರಿ 48 ಎಂದರೆ, ಸಲೀಮನಿಗೆ ಒಂದು ಪಟ್ಟಿ, ರವಿಗೆ ಅದೇ ಅಳತೆಯ ಮೂರು ಪಟ್ಟಿ. ನಾಲ್ಕು ಪಟ್ಟಿಗೆ 48, ಒಂದಕ್ಕೆ 12, ರವಿಗೆ 36. ನಮ್ಮಲ್ಲಿ ಇದು ಸೋಲುವುದು ಎರಡು ಕಡೆ. ಕಡ್ಡಿ, ಗೋಲಿ ಹಿಡಿದು ಆಡಿಸದೆ ನೇರ ಪಟ್ಟಿಗೆ ಹೋದಾಗ ಒಂದು. ಬೋರ್ಡಿನ ಮೇಲೆ ಅವಸರದಲ್ಲಿ ಒಂದೊಂದು ಪಟ್ಟಿ ಒಂದೊಂದು ಉದ್ದ ಎಳೆದಾಗ ಇನ್ನೊಂದು. ಸಮ್ಮೇಳನದಲ್ಲಿ ಯಾವ ಅಲ್ಲಿನ ಶಿಕ್ಷಕರನ್ನಾದರೂ 'ನಿಮ್ಮ ಶಿಕ್ಷಣ ವ್ಯವಸ್ಥೆ ಹೇಗಿದೆ' ಎಂದು ಕೇಳಿದರೆ ಕರಪತ್ರದ ಉತ್ತರ ಸಿಗುತ್ತದೆ. 'ಭಿನ್ನರಾಶಿಗೆ ಬಂದಾಗ ಪಟ್ಟಿ ಎಳೆಯಲಾಗದ ಮಗುವಿಗೆ ಏನು ಮಾಡುತ್ತೀರಿ' ಎಂದು ಕೇಳಿದರೆ ಕಾಫಿ ಆರುವವರೆಗೆ ಮಾತಾಡುತ್ತಾರೆ.

ಆ ಕಾಫಿಯ ವಿಷಯ. ಅಲ್ಲಿನ ಕಾಪಿ ಹೆಚ್ಚಾಗಿ ರೋಬಸ್ಟಾ ಬೀಜದ್ದು. ಸಕ್ಕರೆ, ಮಾರ್ಗರೀನ್ ಅಥವಾ ಬೆಣ್ಣೆ ಹಾಕಿ ಕಪ್ಪಗೆ ಹುರಿದು, ಬಟ್ಟೆಯ ಸೋಸಿನಲ್ಲಿ ಇಳಿಸುತ್ತಾರೆ. ಬರೀ 'ಕಾಪಿ' ಎಂದರೆ ಸಿಹಿ ಕಂಡೆನ್ಸ್ಡ್ ಹಾಲು ಹಾಕಿದ್ದು, 'ಕಾಪಿ ಓ' ಹಾಲಿಲ್ಲದ ಸಕ್ಕರೆಯದು, 'ಕಾಪಿ ಸಿ' ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆಯದು. ಸಕ್ಕರೆ ಬೇಡವಾದರೆ ಕೊನೆಗೆ 'ಕೊಸಾಂಗ್', ಕಡಿಮೆ ಸಾಕಾದರೆ 'ಸ್ಯೂ ಡೈ'. ಫಿಲ್ಟರ್ ಕಾಫಿಯವರಿಗೆ 'ಕಾಪಿ ಸಿ ಸ್ಯೂ ಡೈ' ಹತ್ತಿರದ ರುಚಿ. ಜೊತೆಗೆ ಬರುವ ಕಾಯಾ ಟೋಸ್ಟಿನ ಹಸಿರು ಜಾಮಿನಲ್ಲಿ ತೆಂಗಿನ ಹಾಲಿನ ಜೊತೆ ಮೊಟ್ಟೆ ಇದೆ, ಮೊಟ್ಟೆ ತಿನ್ನದವರು ಗಮನಿಸಿ.

ಊಟಕ್ಕೆ ಹಾಕರ್ ಸೆಂಟರ್, ಅಂದರೆ ಒಂದೇ ಸೂರಿನಡಿ ಸಾಲಾಗಿರುವ ಸಣ್ಣ ಸಣ್ಣ ಊಟದಂಗಡಿಗಳು. ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು 2020ರ ಡಿಸೆಂಬರ್‌ನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಚ್ಚಿನ ಬಡಾವಣೆಗಳಲ್ಲಿ ಒಂದಿರುತ್ತದೆ, ಬೂನ್ ಲೇ ಪ್ಲೇಸ್‌ನಲ್ಲೂ ಇದೆ. ಒಂದು ತಟ್ಟೆ ಹೆಚ್ಚಾಗಿ 4ರಿಂದ 7 ಸಿಂಗಾಪುರ ಡಾಲರ್. ಕ್ರಮ ಹೀಗೆ: ಮೊದಲು ಜಾಗ ಹಿಡಿಯಬೇಕು. ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇಟ್ಟರೆ ಅದು ನಿಮ್ಮದು, ನಮ್ಮ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆಯೇ, ಜಗಳವೊಂದು ಇಲ್ಲ. ಆಮೇಲೆ ಸಾಲಿಗೆ. ಉದ್ದ ಸಾಲಿರುವ ಅಂಗಡಿಯಲ್ಲಿ ಪದಾರ್ಥ ತಾಜಾ ಇರುತ್ತದೆ, ಆದರೆ ಒಂದೂಕಾಲಿನ ಗೋಷ್ಠಿ ಇದ್ದರೆ ಮೂವರಿಗಿಂತ ಹೆಚ್ಚು ಜನರಿರುವ ಸಾಲು ಬಿಡಿ. 2, 5, 10 ಡಾಲರಿನ ನೋಟು ಕೈಯಲ್ಲಿರಲಿ. ಎಷ್ಟೋ ಕಡೆ ನೋಟು ಬಿಟ್ಟರೆ ಸ್ಥಳೀಯ ಕ್ಯೂಆರ್ ಮಾತ್ರ ನಡೆಯುತ್ತದೆ. ಉಂಡ ತಟ್ಟೆಯನ್ನು ಟ್ರೇ ಸಮೇತ ನೀವೇ ಒಯ್ದು ಇಡಬೇಕು. 2021ರಿಂದ ಇದು ಕಡ್ಡಾಯ, ಇಡದಿದ್ದರೆ ಮೊದಲು ಎಚ್ಚರಿಕೆ, ಮತ್ತೆ ದಂಡ. ಟ್ರೇ ಇಡುವ ಕಪಾಟು ಎರಡಿರುತ್ತವೆ, ಹಲಾಲ್ ಮತ್ತು ಹಲಾಲ್ ಅಲ್ಲದ್ದು. ಹಂದಿಮಾಂಸದ ತಟ್ಟೆಯನ್ನು ಹಲಾಲ್ ಕಪಾಟಿನಲ್ಲಿಟ್ಟರೆ ಅದು ಅಲ್ಲಿ ಬಹಳ ದೊಡ್ಡ ತಪ್ಪು.

ಸಸ್ಯಾಹಾರಿಗಳಿಗೆ ನಿಜವಾದ ತೊಡಕು ಮಾಂಸದ ತುಂಡಲ್ಲ. ಅದು ಕಣ್ಣಿಗೆ ಕಾಣುತ್ತದೆ. ಕಾಣದೆ ಬರುವುದು ಸೀಗಡಿ. ಸಂಬಾಲ್ ಚಟ್ನಿಯಲ್ಲಿ ಬೆಲಚಾನ್ ಎಂಬ ಹುದುಗಿಸಿದ ಸೀಗಡಿ ಮುದ್ದೆ, ಲಕ್ಸಾ ಎಂಬ ನೂಡಲ್ಸ್ ಸಾರಿನ ಮಸಾಲೆಯಲ್ಲಿ ಒಣ ಸೀಗಡಿ, ಹಣ್ಣು ತರಕಾರಿಯ ಚೀನೀ ರೊಜಾಕ್‌ನ ಕಪ್ಪು ಗೊಜ್ಜಿನಲ್ಲೂ ಸೀಗಡಿ. ಸೊಪ್ಪಿನ ಪಲ್ಯಕ್ಕೆ ಆಯ್‌ಸ್ಟರ್ (ಸಿಂಪಿ) ಸಾಸ್ ಬೀಳುತ್ತದೆ. ನಾಸಿ ಲೆಮಾಕ್‌ನ ಅನ್ನ ತೆಂಗಿನ ಹಾಲಿನದು, ಜೊತೆಗೆ ಹುರಿದ ಸಣ್ಣ ಒಣ ಮೀನು. ಕ್ಯಾರಟ್ ಕೇಕ್ ಎಂದು ಬರೆದದ್ದು ಮೂಲಂಗಿ, ಅಕ್ಕಿಹಿಟ್ಟಿನ ತುಂಡುಗಳನ್ನು ಮೊಟ್ಟೆಯ ಜೊತೆ ಹುರಿದದ್ದು. 'ಮೀಟ್ ಬೇಡ' ಎಂದಷ್ಟೇ ಹೇಳಿದರೆ ಇವೆಲ್ಲ ತಟ್ಟೆಗೆ ಬರುತ್ತವೆ. 'ಮೀನಿಲ್ಲ, ಸೀಗಡಿಯಿಲ್ಲ, ಆಯ್‌ಸ್ಟರ್ ಸಾಸ್ ಇಲ್ಲ, ಮೊಟ್ಟೆಯಿಲ್ಲ' ಎಂದು ಒಂದೊಂದಾಗಿ ಹೇಳಿ. ಅದಕ್ಕಿಂತ ಸುಲಭದ ದಾರಿ ಚೀನೀ ಸಸ್ಯಾಹಾರಿ ಅಂಗಡಿ. ಬೌದ್ಧ ಪದ್ಧತಿಯವರದ್ದಾದರೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಕಾಣುವ 'ಬಾತುಕೋಳಿ', 'ಮೀನು' ಸೋಯಾ, ಗೋಧಿಯಲ್ಲಿ ಮಾಡಿದ್ದು, ಬೆಚ್ಚಿಬೀಳಬೇಡಿ. ಜಾಗ್ರತೆಗೆ ಮೊಟ್ಟೆಯ ವಿಷಯ ಅಲ್ಲೂ ಕೇಳಿ.

ಧೈರ್ಯವಾಗಿ ತಿನ್ನಬಹುದಾದವೂ ಬೇಕಾದಷ್ಟಿವೆ. ಪುಟು ಮಾಯಮ್ ಎಂದರೆ ನಮ್ಮ ಒತ್ತು ಶಾವಿಗೆಯೇ, ಕಾಯಿತುರಿ ಮತ್ತು ಕಂದು ಸಕ್ಕರೆಯ ಜೊತೆ. ಪುಟು ಪಿರಿಂಗ್ ಅಕ್ಕಿಹಿಟ್ಟಿನ ಹಬೆ ತಿಂಡಿ, ಒಳಗೆ ಕರಗಿದ ತೆಂಗಿನ ಬೆಲ್ಲ. ಚೆಂಡೋಲ್‌ನಲ್ಲಿ ತೆಂಗಿನ ಹಾಲು, ಪಂಡನ್ ಎಲೆಯ ಹಸಿರು ಎಳೆ, ಅದೇ ಬೆಲ್ಲ, ಮಂಜು. ರೋಟಿ ಪ್ರಾಟಾ 'ಕೊಸಾಂಗ್' ಕೇಳಿದರೆ ಒಳಗೇನೂ ತುಂಬದ್ದು. ಜೊತೆಗೆ ಬರುವ ಸಾರು ಹಲವು ಕಡೆ ಮೀನಿನದು ಅಥವಾ ಕುರಿಯದು, ದಾಲ್ ಎಂದು ಬೇರೆಯಾಗಿ ಕೇಳಬೇಕು. ಮಾಂಸಾಹಾರಿಗಳು ಸಂಜೆ ಏಳರ ಮೇಲೆ ಲಾವ್ ಪಾ ಸಾಟ್ ಎಂಬ ಹಾಕರ್ ಸೆಂಟರಿನ ಪಕ್ಕದ ಬೂನ್ ಟಾಟ್ ಬೀದಿಗೆ ಹೋಗಲಿ, ರಸ್ತೆ ಮುಚ್ಚಿ ಮೇಜು ಹಾಕಿ ಕೆಂಡದ ಮೇಲೆ ಸಾಟೆ (ಕಡ್ಡಿಗೆ ಚುಚ್ಚಿದ ಮಾಂಸ) ಸುಡುತ್ತಾರೆ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರ ಕೋಮಲ ವಿಲಾಸವಿದೆ, 2013ರಿಂದ ಎಂಟಿಆರ್ ಕೂಡ ಇದೆ. ಒಂದು ಸಂಜೆ ಹೋಗಿ, ತಪ್ಪೇನಿಲ್ಲ. ಮೂರೂ ದಿನ ಅಲ್ಲೇ ಮಸಾಲೆ ದೋಸೆ ತಿನ್ನುವುದಾದರೆ ಲಾಲ್‌ಬಾಗ್ ಹತ್ತಿರವಿತ್ತು.

ಸಮ್ಮೇಳನದ ನೋಂದಣಿ ಅರ್ಜಿಯಲ್ಲಿ ಊಟದ ಕಾಲಂ ಖಾಲಿ ಬಿಡಬೇಡಿ. ನಂತರ ಕೇಳಿದರೆ ಎಣಿಸಿ ತರಿಸಿದ ಊಟ ಇನ್ನೊಬ್ಬರ ಪಾಲಾಗಿರುತ್ತದೆ. ಬಫೆಯಲ್ಲಿ ಸೌಟುಗಳು ಅದಲುಬದಲಾಗುವುದು ಸಾಲಿನ ಕೊನೆಯಲ್ಲಿ, ಹಾಗಾಗಿ ಮೊದಲೇ ಹೋಗಿ. ಸಭಾಂಗಣದ ಎಸಿ ವಿಪರೀತ ಚಳಿ, ಶಾಲು ಬೇಕೇಬೇಕು. ನಲ್ಲಿ ನೀರು ಕುಡಿಯಬಹುದು. ಹಾಕರ್ ಸೆಂಟರಿನಲ್ಲಿ ನೀರಿಗೂ ಹಣ, ಬಾಟಲಿ ಒಯ್ಯಿರಿ. ಮೆಟ್ರೋದೊಳಗೆ ಮಾತ್ರ ಆ ಬಾಟಲಿ ತೆರೆಯಬೇಡಿ, ತಿಂದರೂ ಕುಡಿದರೂ 500 ಡಾಲರ್‌ವರೆಗೆ ದಂಡ. ಪ್ಲಗ್ ಮೂರು ಚೌಕ ಪಿನ್ನಿನದು. ಅಲ್ಲಿನವರಿಗೆ ಕೊಡಲು ಸಿಹಿ ಒಯ್ಯುವವರು ಗಸಗಸೆ ಹಾಕಿದ ಕಜ್ಜಾಯ, ಕರ್ಜಿಕಾಯಿ ಬಿಟ್ಟುಬಿಡಿ: ಗಸಗಸೆಗೆ ಅಲ್ಲಿ ಮಾದಕ ವಸ್ತು ಕಾನೂನಿನಡಿ ನಿರ್ಬಂಧವಿದೆ. ಮೈಸೂರು ಪಾಕು, ಧಾರವಾಡ ಪೇಡ ನಿರಾತಂಕ.

ಇನ್ನು ಲೆಕ್ಕ. ಹೋಟೆಲಿನ ಮೆನುವಿನಲ್ಲಿ ದರದ ಮುಂದೆ ಎರಡು ಪ್ಲಸ್ ಚಿಹ್ನೆ ಇದ್ದರೆ ಶೇ. 10 ಸೇವಾ ಶುಲ್ಕ, ಅದರ ಮೇಲೆ ಶೇ. 9 ಜಿಎಸ್‌ಟಿ ಬೇರೆ. 20 ಡಾಲರಿನ ಊಟಕ್ಕೆ ಸುಮಾರು 24 ಕೊಡುತ್ತೀರಿ. ಕೆಲವು ಚೀನೀ ಹೋಟೆಲುಗಳಲ್ಲಿ ಕೇಳದೆ ಇಟ್ಟ ಕಡಲೆಬೀಜಕ್ಕೂ ಒದ್ದೆ ಟವೆಲಿಗೂ ಬಿಲ್ ಬರುತ್ತದೆ. ಬೇಡವಾದರೆ ಆಗಲೇ ವಾಪಸು ಕೊಡಿ. ಹಾಕರ್ ಅಂಗಡಿಯವರು ಸಾಮಾನ್ಯವಾಗಿ ರಸೀದಿ ಕೊಡುವುದಿಲ್ಲ. ಆಡಳಿತ ಮಂಡಳಿ ಖರ್ಚು ಕೊಡುವುದಾದರೆ ಬಿಲ್ಲಿಗೆ ಬದಲು ದಿನಕ್ಕಿಷ್ಟು ಎಂಬ ಭತ್ಯೆಯನ್ನು ಹೊರಡುವ ಮೊದಲೇ ಪತ್ರದಲ್ಲಿ ಬರೆಸಿಕೊಳ್ಳಿ. ಬೋರ್ಡಿಂಗ್ ಪಾಸ್ ಎರಡೂ ಕಡೆಯದು, ಭಾಗವಹಿಸಿದ ಪ್ರಮಾಣಪತ್ರ ಮತ್ತು ನೋಂದಣಿ ರಸೀದಿ, ಇವಿಷ್ಟನ್ನು ಅಲ್ಲಿಂದಲೇ ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿಬಿಡಿ. ಥರ್ಮಲ್ ಕಾಗದದ ಅಕ್ಷರ ಲೆಕ್ಕ ಪರಿಶೋಧಕರು ಬರುವ ಹೊತ್ತಿಗೆ ಅಳಿಸಿಹೋಗಿರುತ್ತದೆ.