ಎಲ್ಲರೂ ಒಟ್ಟಿಗೆ ತಿರುಗಿದರೆ ಯಾರೂ ತಿರುಗಿದಂತಲ್ಲ

ಆನ್‌ಲೈನ್ ಡೂಪ್ಲಿಕೇಟ್ ಬ್ರಿಜ್ ಪಂದ್ಯಗಳ ಡೈರೆಕ್ಟರ್ ಕೆಲಸವನ್ನು ನಾನು ತುಮಕೂರಿನ ಮನೆಯಿಂದಲೇ ಮಾಡುತ್ತೇನೆ. ಒಂದೇ ಎಲೆ ಹಂಚಿಕೆಯನ್ನು (ಇದಕ್ಕೆ ಬೋರ್ಡ್ ಎನ್ನುತ್ತಾರೆ) ಎಲ್ಲ ಟೇಬಲುಗಳಲ್ಲೂ ಆಡಿಸಿ, ಒಂದೇ ದಿಕ್ಕಿನಲ್ಲಿ ಕೂತು ಅದನ್ನಾಡಿದ ಜೋಡಿಗಳ ಅಂಕಗಳನ್ನು ಹೋಲಿಸುವ ಇಸ್ಪೀಟಾಟ ಇದು. ಕಳೆದ ತಿಂಗಳ ಪೇರ್ಸ್ ಪಂದ್ಯಕ್ಕೆ ಎಂಟು ಟೇಬಲ್, ಎಂಟು ರೌಂಡ್, ಮಿಚೆಲ್ (ನಾರ್ತ್-ಸೌತ್ ಜೋಡಿಗಳದು ಒಂದು ಸಾಲು, ಈಸ್ಟ್-ವೆಸ್ಟ್ ಜೋಡಿಗಳದು ಇನ್ನೊಂದು, ಪ್ರತಿ ರೌಂಡಿಗೂ ಎದುರು ಸಾಲಿನ ಹೊಸ ಜೋಡಿ) ಎಂದು ನಿರ್ಧಾರವಾದಾಗ ಸಮಿತಿಯಿಂದ ಬಂದ ಸೂಚನೆ ಇಷ್ಟೇ: ಕೊನೆಯ ರೌಂಡಿನಲ್ಲಿ ಆ್ಯರೋ ಸ್ವಿಚ್ ಮಾಡಿ (ಅಂದರೆ ಎರಡು ಸಾಲುಗಳ ದಿಕ್ಕನ್ನು ಅದಲು ಬದಲು ಮಾಡಿ), ಎರಡೂ ಸಾಲಿಗೆ ಸೇರಿ ಒಂದೇ ಪಟ್ಟಿ, ಒಂದೇ ಕಪ್.

ಕ್ಲಬ್ಬಿನ ಹಾಲ್‌ನಲ್ಲಾದರೆ ಇದು ಒಳ್ಳೆಯ ಪದ್ಧತಿಯೇ. ಅಲ್ಲಿ ಒಂದೊಂದು ಟೇಬಲಿನ ಮೇಲೆ ಬೇರೆ ಬೇರೆ ಬೋರ್ಡುಗಳಿದ್ದು, ಅವನ್ನು ಉಳಿದವರು ಹಿಂದಿನ ರೌಂಡುಗಳಲ್ಲೇ ಮೂಲ ದಿಕ್ಕಿನಲ್ಲಿ ಆಡಿರುವುದರಿಂದ, ದಿಕ್ಕು ಬದಲಿಸಿದ ಜೋಡಿಯ ಹೋಲಿಕೆ ಎದುರು ಸಾಲಿನವರೊಂದಿಗೆ ನಡೆಯುತ್ತದೆ. ನಮ್ಮಲ್ಲಿ ಎಲ್ಲ ಟೇಬಲುಗಳೂ ಏಕಕಾಲಕ್ಕೆ ಅವೇ ಬೋರ್ಡುಗಳನ್ನು ಆಡುತ್ತವೆ. ನಾರ್ತ್-ಸೌತ್‌ನವರೆಲ್ಲ ಒಟ್ಟಿಗೆ ಈಸ್ಟ್-ವೆಸ್ಟ್ ಆದರೆ ಅವರ ಹೋಲಿಕೆ ಮತ್ತೆ ತಮ್ಮ ತಮ್ಮೊಳಗೇ. ಎದುರು ಸಾಲಿನ ಜೋಡಿಯೊಂದರ ಜೊತೆ ನೇರವಾಗಿ ಆಡುವ ರೌಂಡಿನಲ್ಲಿ, ಉಳಿದ ಏಳು ಟೇಬಲುಗಳೊಂದಿಗೆ ಒಂದೊಂದು ಹೋಲಿಕೆಯಂತೆ, ಏಳು ಪಾಲು ಪೈಪೋಟಿ ಇರುತ್ತದೆ. ಉಳಿದ ಏಳು ರೌಂಡುಗಳಲ್ಲಿ ಅವರು ಚೆನ್ನಾಗಿ ಆಡಿದಷ್ಟೂ ನಮ್ಮ ಪ್ರತಿಸ್ಪರ್ಧಿಯೊಬ್ಬರು ಕೆಳಗಿಳಿದು ನಮಗೇ ಲಾಭವಾಗುವುದರಿಂದ ಏಳು ಪಾಲು ಕಳೆಯಬೇಕು. ಉಳಿಯುವುದು ಸೊನ್ನೆ.

ಕಾರ್ಯದರ್ಶಿಗಳಿಗೆ ಫೋನಿನಲ್ಲಿ ಇದನ್ನೇ ವಿವರಿಸಿದೆ. "ಸಾಫ್ಟ್‌ವೇರ್‌ನಲ್ಲೇ ಆಪ್ಷನ್ ಕೊಟ್ಟಿದ್ದಾರಲ್ಲ ಸಾರ್, ಟಿಕ್ ಮಾಡಿಬಿಡಿ" ಎಂದರು.

ಮೊದಲು ನೋಂದಾಯಿಸಿದವರನ್ನು ನಾರ್ತ್-ಸೌತ್‌ನಲ್ಲಿ ಕೂರಿಸುವುದು ಆ ಸಾಫ್ಟ್‌ವೇರ್‌ನ ಚಾಳಿ. ಬೇಗ ನೋಂದಾಯಿಸುವವರು ಪಳಗಿದ ಆಟಗಾರರೇ. ಹೀಗೆ ಗಟ್ಟಿಗರೆಲ್ಲ ಒಂದೇ ಸಾಲಿನಲ್ಲಿ ಪರಸ್ಪರ ಅಂಕ ಕಿತ್ತುಕೊಳ್ಳುತ್ತಿದ್ದಾಗ, ಶಿರಾದ ಹೊಸ ಜೋಡಿಯೊಂದು ಇನ್ನೊಂದು ಸಾಲಿನಲ್ಲಿ ನಿರಾತಂಕವಾಗಿ ಮೇಲೇರುತ್ತಿತ್ತು. ಕೊನೆಯ ಬೋರ್ಡು 24ರಲ್ಲಿ ಅವರದು ಮೂರು ನೋಟ್ರಂಪ್, ಅಂದರೆ ತುರುಫಿಲ್ಲದೆ ಒಂಬತ್ತು ಸುತ್ತು ಗೆಲ್ಲುವ ಕರಾರು. ಡಿಫೆನ್ಸ್‌ನವರು ಉಳಿಸಿಕೊಳ್ಳಬೇಕಿದ್ದ ಕ್ಲಬ್ ಎಲೆಯನ್ನು ಎಸೆದರು, ಒಂದು ಸುತ್ತು ಹೆಚ್ಚಿಗೆ ಸಿಕ್ಕಿ 400ರ ಬದಲು 430 ಬಂತು, ಪಟ್ಟಿಯ ಮೊದಲ ಸ್ಥಾನ ಅವರದಾಯಿತು. ಚಾಟ್ ಪೆಟ್ಟಿಗೆ ಪೂರ್ತಿ ಸ್ತಬ್ಧವಾಯಿತು. ಒಳಗೊಳಗೇ ಹೋಲಿಸಿಕೊಂಡ ಎರಡೂ ಸಾಲುಗಳ ಸರಾಸರಿ ಕರಾರುವಾಕ್ಕಾಗಿ ಶೇ. 50ರಲ್ಲೇ ನಿಂತಿದ್ದುದನ್ನು ನೋಡುತ್ತಾ, ಫೋನ್ ಯಾವಾಗ ಬಂದೀತೆಂದು ನಾನು ಕಾದು ಕುಳಿತೆ.

ಬಂದದ್ದು ನಿವೃತ್ತ ಇಂಜಿನಿಯರೊಬ್ಬರ ಕರೆ. "ಏನಪ್ಪಾ, ಅವರ ಜೊತೆ ನಮ್ಮನ್ನು ಹೋಲಿಸಲೇ ಇಲ್ಲ, ಅವರ ಕೆಳಗೆ ನಮ್ಮ ಹೆಸರು ಹೇಗೆ ಬಂತು?" ಎಂದರು. ಪ್ರಶ್ನೆ ನ್ಯಾಯವಾದದ್ದು, ಆದರೆ ಫಲಿತಾಂಶದ ಕೆಳಗಿದ್ದದ್ದು ಕಾರ್ಯದರ್ಶಿಗಳ ಹೆಸರಲ್ಲ, ನನ್ನದು.

ಪರಿಹಾರವಿಲ್ಲವೆಂದಲ್ಲ. ರೌಂಡಿಗೆ ಒಂದೇ ಟೇಬಲನ್ನು ತಿರುಗಿಸಿ, ಎಂಟು ರೌಂಡುಗಳಲ್ಲಿ ಪ್ರತಿ ಜೋಡಿಯೂ ಒಮ್ಮೆ ಮಾತ್ರ ದಿಕ್ಕು ಬದಲಿಸುವಂತೆ ಡ್ರಾ ಬರೆದರೆ, ಯಾವ ಜೋಡಿಗೂ ಉಳಿದವರೊಂದಿಗೆ ನಾಲ್ಕು ನಾಲ್ಕು ಪಾಲು ಪೈಪೋಟಿ ಬರುತ್ತದೆ. ಜೊತೆಯಲ್ಲಿ ತಿರುಗಿದ ಎದುರಾಳಿಯೊಬ್ಬರೊಂದಿಗೆ ಮಾತ್ರ ಸೊನ್ನೆ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಟಿಕ್ ಇಲ್ಲ, ಕೈಯಿಂದಲೇ ತುಂಬಬೇಕು. ಅದು ಬೇಡವೆಂದರೆ ಎರಡು ಪಟ್ಟಿ, ಎರಡು ಕಪ್ ಕೊಡಿ ಎಂದು ಈ ಬಾರಿ ಬರಹದಲ್ಲೇ ಕಳುಹಿಸಿದ್ದೇನೆ. ಸಮಿತಿ ಒಪ್ಪಿದೆ, ಎರಡನೆಯ ಕಪ್ಪಿನ ಬಿಲ್ಲಿಗೆ ಖಜಾಂಚಿಯವರು ಇನ್ನೂ ಸಹಿ ಹಾಕಿಲ್ಲ.